ಬಿರುಕಿಗೆ ಬ್ಯಾಕ್ಟೀರಿಯಾ ಮದ್ದು

ಕಾಂಕ್ರೀಟ್ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಬೈಯುವುದು ರೂಢಿ. ಆದರೆ ಎಷ್ಟೇ ಚೆನ್ನಾಗಿ ಕಲಸಿ, ಎಷ್ಟೇ ದಿನ ಕ್ಯೂರಿಂಗ್ ಮಾಡಿದರೂ ಸಣ್ಣಪುಟ್ಟ ಬಿರುಕು ತಪ್ಪಿದ್ದಲ್ಲ. ಎಂಜಿನಿಯರುಗಳು ಅದನ್ನು ಲೆಕ್ಕಕ್ಕೆ ಹಿಡಿದೇ ಕಬ್ಬಿಣದ ಕಂಬಿ ಹಾಕಿಸುತ್ತಾರೆ. ಕೂದಲೆಳೆಯಷ್ಟು ಬಿರುಕಿಗೆ ಕಟ್ಟಡ ಬೀಳುವುದಿಲ್ಲ. ಅಪಾಯವಿರುವುದು ಅದರೊಳಗೆ ಇಳಿಯುವ ನೀರಿನಲ್ಲಿ. ಕಂಬಿಗೆ ತುಕ್ಕು ಹತ್ತುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ತಾರಸಿಯಡಿಯ ಚಕ್ಕೆ ಉದುರಿ ಕೆಂಪುಗಟ್ಟಿದ ಕಂಬಿ ಕಾಣುವುದು ಹೀಗೆ.

ಈ ನೀರಿನ ದಾರಿಯನ್ನು ಕಾಂಕ್ರೀಟೇ ಮುಚ್ಚಿಕೊಳ್ಳುವಂತೆ ಮಾಡಲು ಹೊರಟವರು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಹೆಂಕ್ ಯೋಂಕರ್ಸ್. 2006ರಲ್ಲಿ ಕೆಲಸ ಶುರುವಾಯಿತು. ಹಸಿ ಕಾಂಕ್ರೀಟಿನ ಪಿಎಚ್ 12ರಿಂದ 13. ಬರಿಗೈಯಲ್ಲಿ ಕಲಸಿದರೆ ಚರ್ಮ ಸುಡುವಷ್ಟು ಕ್ಷಾರ. ಅಲ್ಲಿ ಯಾವ ಜೀವಿ ಬದುಕೀತು? ಕ್ಷಾರದ ನೆಲದಲ್ಲೇ ಬಾಳುವ ಕೆಲವು ಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಒದಗಿಬಂದವು. ಬರಗಾಲ ಬಂದರೆ ಇವು ಗಟ್ಟಿ ಕವಚದ ಬೀಜಾಣುಗಳಾಗಿ, ನೀರೂ ಆಹಾರವೂ ಇಲ್ಲದೆ ದಶಕಗಟ್ಟಲೆ ಕಾಯಬಲ್ಲವು.

ಆದರೆ ಸಿಮೆಂಟಿಗೆ ನೇರವಾಗಿ ಬೆರೆಸಿದ ಬೀಜಾಣುಗಳು ಕೆಲವೇ ತಿಂಗಳಲ್ಲಿ ನಾಶವಾದವು. ಕಾಂಕ್ರೀಟ್ ಗಟ್ಟಿಯಾಗುತ್ತ ಹೋದಂತೆ ಒಳಗಿನ ರಂಧ್ರಗಳು ಬೀಜಾಣುವಿಗಿಂತಲೂ ಕಿರಿದಾಗಿ ಅವನ್ನು ಜಜ್ಜಿಹಾಕುತ್ತಿದ್ದವು. ಹಾಗಾಗಿ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಪುಟ್ಟ ಗುಳಿಗೆಗಳೊಳಗೆ ಬೀಜಾಣುಗಳನ್ನೂ ಅವುಗಳ ಬುತ್ತಿಯಾದ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಸೇರಿಸಿ ಕಾಂಕ್ರೀಟಿಗೆ ಹಾಕಿದರು.

ಬಿರುಕು ಹಾದುಹೋದಲ್ಲಿ ಗುಳಿಗೆ ಒಡೆಯುತ್ತದೆ. ನೀರು ಸೋಕಿ ಎಚ್ಚರಗೊಂಡ ಬ್ಯಾಕ್ಟೀರಿಯಾ ಲ್ಯಾಕ್ಟೇಟ್ ತಿಂದು ಸುಣ್ಣದಕಲ್ಲು ಕಟ್ಟತೊಡಗುತ್ತವೆ. ಅವು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಕೂಡ ಕಾಂಕ್ರೀಟಿನಲ್ಲಿರುವ ಸುಣ್ಣದ ಜೊತೆಗೂಡಿ ಸುಣ್ಣದಕಲ್ಲೇ ಆಗುತ್ತದೆ. ತುಕ್ಕಿಗೆ ಬೇಕಾದ ಆಮ್ಲಜನಕವನ್ನು ಈ ಜೀವಿಗಳು ಬಳಸಿಕೊಳ್ಳುವುದು ಇನ್ನೊಂದು ಲಾಭ. 2011ರಲ್ಲಿ ಪ್ರಕಟವಾದ ಡೆಲ್ಫ್ಟ್ ಪ್ರಯೋಗದಲ್ಲಿ, 100 ದಿನ ನೀರಿನಲ್ಲಿಟ್ಟ ತುಂಡುಗಳಲ್ಲಿ 0.46 ಮಿ.ಮೀ. ಅಗಲದವರೆಗಿನ ಬಿರುಕುಗಳು ಮುಚ್ಚಿದ್ದವು. ಬ್ಯಾಕ್ಟೀರಿಯಾ ಇಲ್ಲದ ತುಂಡುಗಳಲ್ಲಿ ಆ ಮಿತಿ 0.18 ಮಿ.ಮೀ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ನೆಂಟ ವಿದ್ಯೆಯೊಂದು ಬೆಳೆಯುತ್ತಿದೆ. ಅಲೋಕ್ ಕುಮಾರ್ ಮತ್ತು ಸಂಗಡಿಗರು ಇಸ್ರೋ ಜೊತೆ ಸೇರಿ, ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಸ್ಪೋರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡುವ ವಿಧಾನವನ್ನು 2020ರಲ್ಲಿ ಪ್ರಕಟಿಸಿದರು. ಆಮೇಲೆ ಬಿರುಕುಬಿಟ್ಟ ಇಟ್ಟಿಗೆಗಳ ರಿಪೇರಿಗೂ ಅದೇ ಬ್ಯಾಕ್ಟೀರಿಯಾವನ್ನು ಪರೀಕ್ಷಿಸಿದರು.

ಬ್ಯಾಕ್ಟೀರಿಯಾ ಬಿರುಕನ್ನು ಮುಚ್ಚಬಲ್ಲವೇ ಹೊರತು ಭಾರಕ್ಕೆ ಸೋತ ತೊಲೆಯನ್ನು ಎತ್ತಿ ನಿಲ್ಲಿಸಲಾರವು. ಗುಳಿಗೆ ಹೆಚ್ಚಾದರೆ ಕಾಂಕ್ರೀಟಿನ ಬಲವೂ ಕುಗ್ಗುತ್ತದೆ, ಖರ್ಚೂ ಏರುತ್ತದೆ. ಹಾಗಾಗಿ ಇದಕ್ಕೆ ಹೇಳಿಮಾಡಿಸಿದ ಜಾಗ ಸುರಂಗ, ನೆಲಮಾಳಿಗೆ, ನೀರಿನ ತೊಟ್ಟಿಗಳು: ಸದಾ ತೇವವಿದ್ದು, ರಿಪೇರಿಗೆ ಕೈ ಎಟುಕದ ಕಡೆ.