ನೋವಿನ ಗುಳಿಗೆ ನುಂಗುವ ಮುನ್ನ
ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಚಾಟ್ನಿ ಎಂದರೆ ದಿನವಿಡೀ ಕೈ ಮೇಲೆತ್ತಿ ಮಾಡುವ ಕೆಲಸ. ಸಂಜೆಗೆ ಹೆಗಲು, ಸೊಂಟ ಹಿಡಿದಾಗ ನೆನಪಾಗುವುದು ಡೈಕ್ಲೋಫೆನಾಕ್ ಗುಳಿಗೆ. ವಿಜಯಪುರದ ಔಷಧದಂಗಡಿಗಳಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆ ನೀವು ಕೇಳಬಾರದು, ಅವರೂ ಕೊಡಬಾರದು.

ಪೆಟ್ಟಾದ ಜಾಗದಲ್ಲಿ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ನೋವು, ಬಾವು ಹೆಚ್ಚುವುದು ಅದರಿಂದಲೇ. ಗುಳಿಗೆ ಈ ತಯಾರಿಕೆಯನ್ನು ತಡೆಯುತ್ತದೆ. ಆದರೆ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ, ಬೆವರಿ ದೇಹದ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ರಾಸಾಯನಿಕ. 40 ಡಿಗ್ರಿ ಬಿಸಿಲಲ್ಲಿ ನೀರು ಕುಡಿಯದೆ ದುಡಿದು ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯ. ಈ ಔಷಧ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತ ಕಾರಣ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಇದನ್ನು ನಿಷೇಧಿಸಲಾಯಿತು. ನಮ್ಮ ಮೂತ್ರಪಿಂಡ ಅಷ್ಟು ನಾಜೂಕಲ್ಲ, ನಿಜ.

ಊಟದ ನಂತರ, ಸಾಕಷ್ಟು ನೀರು ಕುಡಿದು, ವೈದ್ಯರು ಹೇಳಿದಷ್ಟು ದಿನ ಮಾತ್ರ ಸೇವಿಸಿ. ಹೊಟ್ಟೆಹುಣ್ಣು, ಹೃದ್ರೋಗ, ಮೂತ್ರಪಿಂಡದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು. ಡೆಂಗಿ ಶಂಕೆಯಿರುವ ಜ್ವರಕ್ಕಂತೂ ಇದು ಬೇಡ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕಡಿಮೆಯಾದರೆ ಗುಳಿಗೆ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗಿ.