124060 ಅಂದರೆ ಯಾವ ದಿನ?

124060. ಇದೊಂದು ತಾರೀಖು ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಆದರೆ ಜೆಡಿ ಎಡ್ವರ್ಡ್ಸ್ ಎಂಬ ವ್ಯವಹಾರ ತಂತ್ರಾಂಶ ಬಳಸುವ ಕಂಪನಿಗಳ ಡೇಟಾಬೇಸಿನಲ್ಲಿ ಬಿಲ್ಲು, ಸರಕು, ಪಾವತಿಗಳ ತಾರೀಖುಗಳು ಹೀಗೆ ಬರೀ ಸಂಖ್ಯೆಗಳಾಗಿಯೇ ಇರುತ್ತವೆ.

ಇದನ್ನು ಓದುವ ಕ್ರಮ ಸರಳ. ಮೊದಲ ಅಂಕಿ ಶತಮಾನದ ಗುರುತು: 0 ಇದ್ದರೆ 1900ರ ದಶಕಗಳು, 1 ಇದ್ದರೆ 2000ದಿಂದ ಮುಂದಿನವು. ಮುಂದಿನ ಎರಡು ಅಂಕಿ ವರ್ಷ. ಕೊನೆಯ ಮೂರು, ಆ ವರ್ಷದ ಎಷ್ಟನೇ ದಿನ ಎಂಬುದು. ಅಂದರೆ ಇದು 2024ರ 60ನೇ ದಿನ. ಜನವರಿಯ 31 ಕಳೆದರೆ ಉಳಿಯುವುದು 29. ಹಾಗಾಗಿ ಫೆಬ್ರವರಿ 29. ಮರುವರ್ಷದ 125060 ಮಾತ್ರ ಮಾರ್ಚ್ 1, ಏಕೆಂದರೆ 2025 ಅಧಿಕ ವರ್ಷವಲ್ಲ.

ಈ ವಿಚಿತ್ರ ರೂಪಕ್ಕೆ ಒಂದು ದೊಡ್ಡ ಗುಣವಿದೆ. ದಿನ-ತಿಂಗಳು-ವರ್ಷ ಎಂದು ಪಠ್ಯವಾಗಿ ಬರೆದಿಟ್ಟರೆ ಕಂಪ್ಯೂಟರು ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸುತ್ತದೆ. ಆಗ ರಾಜ್ಯ ಉದಯವಾದ 01-11-1956, ಸ್ವಾತಂತ್ರ್ಯ ಬಂದ 15-08-1947ಕ್ಕಿಂತ ಮೊದಲು ಬಂದು ನಿಲ್ಲುತ್ತದೆ! ಶತಮಾನ, ವರ್ಷ, ದಿನ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಸಂಖ್ಯೆಯಲ್ಲಿ ಈ ಎಡವಟ್ಟಿಲ್ಲ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವೂ ವರ್ಷ-ತಿಂಗಳು-ದಿನ ಎಂಬ ಕ್ರಮವನ್ನೇ ಹೇಳುತ್ತದೆ.

124060ರಂಥ ಸಂಖ್ಯೆಯನ್ನು ನಿಜವಾದ ದಿನಾಂಕವಾಗಿಸಲು ಒಂದು ಚೆಂದದ ಲೆಕ್ಕವಿದೆ. 1900000 ಕೂಡಿಸಿ: 2024060 ಸಿಗುತ್ತದೆ. 1999ರ ಜನವರಿ 1, ಮೊದಲಿನ ಸೊನ್ನೆ ಬಿದ್ದು 99001 ಎಂದಷ್ಟೇ ಉಳಿದಿದ್ದರೂ 1999001 ಆಗುತ್ತದೆ. ಒರಾಕಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇದನ್ನು ಪಠ್ಯವಾಗಿಸಿ, 'ಮೊದಲ ನಾಲ್ಕು ಅಂಕಿ ವರ್ಷ, ಮುಂದಿನ ಮೂರು ಅಂಕಿ ವರ್ಷದ ದಿನ' ಎಂಬ ನಮೂನೆಯೊಂದಿಗೆ 'ಟು ಡೇಟ್' ಫಂಕ್ಷನ್ನಿಗೆ ಕೊಟ್ಟರೆ ಆಯಿತು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಆ ವರ್ಷದ ಜನವರಿ 1 ಹಿಡಿದು, ದಿನದ ಸಂಖ್ಯೆಗಿಂತ ಒಂದು ಕಡಿಮೆ ಕೂಡಿಸುವುದು ರೂಢಿ.

ಎಚ್ಚರ ಬೇಕಾದದ್ದು ಇಲ್ಲೇ. ತಾರೀಖು ತುಂಬದ ಕಡೆ ಜೆಡಿ ಎಡ್ವರ್ಡ್ಸ್ 0 ಬರೆಯುತ್ತದೆ. ಜನವರಿ 1ಕ್ಕೆ ದಿನ ಕೂಡಿಸುವ ದಾರಿಯಲ್ಲಿ ಹೋದರೆ ಅದು ಸದ್ದಿಲ್ಲದೆ 1899ರ ಡಿಸೆಂಬರ್ 31 ಆಗಿಬಿಡುತ್ತದೆ. 2023ರಲ್ಲಿ 366ನೇ ದಿನವೇ ಇಲ್ಲ. ಆದರೂ ಇದೇ ದಾರಿಯಲ್ಲಿ 123366 ಮುಂದಿನ ವರ್ಷದ ಜನವರಿ 1ಕ್ಕೆ ಜಾರುತ್ತದೆ. ಎರಡೂ ನೋಡಲು ಸರಿಯಾದ ತಾರೀಖುಗಳೇ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಸೊನ್ನೆಯನ್ನು 'ಖಾಲಿ' ಎಂದು ಮೊದಲೇ ಬೇರ್ಪಡಿಸಬೇಕು, ದಿನದ ಸಂಖ್ಯೆ ಆ ವರ್ಷದ ಮಿತಿಯೊಳಗಿದೆಯೇ ಎಂದು ಪರೀಕ್ಷಿಸಬೇಕು.

ವೇಗದ ಪ್ರಶ್ನೆಯೂ ಇದೆ. 2024ರ ಜನವರಿಯ ದಾಖಲೆ ಹುಡುಕಲು ಕೋಷ್ಟಕದ ಪ್ರತಿ ಸಾಲನ್ನೂ ದಿನಾಂಕಕ್ಕೆ ಪರಿವರ್ತಿಸಿದರೆ ತಾರೀಖಿನ ಅಂಕಣದ, ಹುಡುಕಾಟಕ್ಕೆ ನೆರವಾಗುವ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಬದಲಿಗೆ ನಮ್ಮ ಪ್ರಶ್ನೆಯನ್ನೇ ಪರಿವರ್ತಿಸಿ, 124001ರಿಂದ 124031ರವರೆಗೆ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ನಮಗೆ ಪರಿಚಿತವಾದ ರೂಪವೂ ಪೂರ್ತಿ ನಂಬಿಕಸ್ಥವಲ್ಲ. 03/04/2024 ಭಾರತದಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ವರ್ಷಕ್ಕೆ 132 ದಿನಗಳು ಹೀಗೆ ಎರಡು ಅರ್ಥ ಕೊಡುತ್ತವೆ. ಆದ್ದರಿಂದ ಪರಿವರ್ತಿಸುವಾಗ ನಮೂನೆಯನ್ನು ಊಹೆಗೆ ಬಿಡದೆ ಬರೆದು ತಿಳಿಸಿ. ಹೊಸ ಕೋಷ್ಟಕ ಕಟ್ಟುವವರು ದಿನಾಂಕವನ್ನು ದಿನಾಂಕದ ಮಾದರಿಯಲ್ಲೇ ಇಡಿ. ಮುಂದೆ ಅದನ್ನು ಓದುವವರಿಗೆ ಒಗಟು ಬಿಡಿಸುವ ಕೆಲಸವೇ ಇರುವುದಿಲ್ಲ.