ಗುಂಡಿನ ಆಟಕ್ಕೆ ಗುಂಡನೆಯ ಗೋಡೆ

ಕೈಯಲ್ಲಿ ಬಂದೂಕು, ಮುಂದೆ ಕತ್ತಲ ಓಣಿ, ತಿರುವಿನಲ್ಲಿ ಹೊಂಚು ಹಾಕಿದ ಶತ್ರು. ಕಂಪ್ಯೂಟರಿನ ಶೂಟಿಂಗ್ ಆಟಗಳೆಂದರೆ ಅಪ್ಪ ಅಮ್ಮಂದಿರ ಕಣ್ಣಿಗೆ ಬೀಳುವುದು ಇಷ್ಟೆ. ಆ ಓಣಿಯನ್ನು ಕಟ್ಟಿದವರು ಯಾರು, ತಿರುವು ಅಲ್ಲೇ ಏಕೆ ಬಂತು, ಮೇಲಿನ ಕಮಾನು ಅಷ್ಟು ನುಣ್ಣಗೆ ಬಾಗಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಆದರೆ ಇಂಥ ಆಟಗಳನ್ನು ಆಡುವುದಕ್ಕಿಂತ ಅವುಗಳ ಅಖಾಡ ಕಟ್ಟುವುದರಲ್ಲೇ ಹೆಚ್ಚು ರಾತ್ರಿ ಕಳೆದ ಹುಡುಗರ ಒಂದು ದೊಡ್ಡ ಪಡೆಯೇ ಜಗತ್ತಿನಲ್ಲಿದೆ. ಅವರ ಭಾಷೆಯಲ್ಲಿ ಅಖಾಡಕ್ಕೆ ‘ಮ್ಯಾಪ್’ ಅಥವಾ ‘ಲೆವೆಲ್’ ಎಂದು ಹೆಸರು.

ಇದಕ್ಕೆ ಬಾಗಿಲು ತೆರೆದದ್ದು ಅಮೆರಿಕದ ಟೆಕ್ಸಾಸ್‌ನ ಇಡ್ ಸಾಫ್ಟ್‌ವೇರ್ ಕಂಪನಿ. 1993ರ ಡಿಸೆಂಬರ್‌ನಲ್ಲಿ ಅದು ಬಿಡುಗಡೆ ಮಾಡಿದ ‘ಡೂಮ್’ ಆಟದಲ್ಲಿ ಕೋಣೆ, ಚಿತ್ರ, ಸದ್ದುಗಳ ಮಾಹಿತಿಯೆಲ್ಲ ಮುಖ್ಯ ಪ್ರೋಗ್ರಾಮಿನಿಂದ ಬೇರೆಯಾಗಿ ‘ವ್ಯಾಡ್’ ಎಂಬ ಕಡತದಲ್ಲಿತ್ತು. ಆಟದ ಕರ್ತೃಗಳಲ್ಲೊಬ್ಬನಾದ ಜಾನ್ ಕಾರ್ಮ್ಯಾಕ್ ಬೇಕೆಂದೇ ಹಾಗೆ ಇಟ್ಟಿದ್ದ. ಆಡುವವರು ತಮ್ಮದೇ ವ್ಯಾಡ್ ಮಾಡಿ ತುರುಕಬಹುದು ಎಂಬ ಉದಾರತೆ ಅದು. ಮರುವರ್ಷವೇ ಅಭಿಮಾನಿಗಳು ತಾವೇ ಸಂಪಾದಕ ತಂತ್ರಾಂಶ ಬರೆದುಕೊಂಡು ಕೋಣೆ ಕಟ್ಟತೊಡಗಿದರು. ಡೂಮ್‌ನ ಮನೆಗಳಿಗೆ ಒಂದು ಮಿತಿಯಿತ್ತು. ನೆಲದ ನಕ್ಷೆ ಬರೆದು ಅದಕ್ಕೆ ಎತ್ತರ ಹಚ್ಚಬಹುದಿತ್ತೇ ಹೊರತು ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡುವಂತಿರಲಿಲ್ಲ.

1996ರ ‘ಕ್ವೇಕ್’ ಆ ಮಿತಿ ಮುರಿಯಿತು. ಅದರಲ್ಲಿ ಎಲ್ಲವೂ ‘ಬ್ರಷ್’ ಎಂಬ ಘನಾಕೃತಿಗಳು. ಬ್ರಷ್ ಎಂದರೆ ಸಮತಲಗಳಿಂದ ಸುತ್ತುವರಿದ, ಎಲ್ಲೂ ಒಳಕ್ಕೆ ಕುಗ್ಗದ ಗಟ್ಟಿ ದಿಮ್ಮಿ. ದಿಮ್ಮಿಗಳನ್ನು ಜೋಡಿಸಿದರೆ ಗೋಡೆ, ಮೆಟ್ಟಿಲು, ಸೇತುವೆ. ಇಟ್ಟಿಗೆ ಕೆಲಸವೇ ಸರಿ. ತೊಂದರೆ ಬಂದದ್ದು ಬಾಗಿದ ಆಕಾರಗಳಿಗೆ. ಒಂದು ಕಮಾನು ಬೇಕೆಂದರೆ ಎಂಟೋ ಹತ್ತೋ ಓರೆ ದಿಮ್ಮಿಗಳನ್ನು ಒಂದರ ಪಕ್ಕ ಒಂದು ಕೂರಿಸಬೇಕು. ಮೂಲೆಗಳು ಚೌಕುಳಿಯ ಮೇಲೆ ಸರಿಯಾಗಿ ಕೂರದಿದ್ದರೆ ದಿಮ್ಮಿಗಳ ನಡುವೆ ಕೂದಲೆಳೆಯ ಬಿರುಕು. ಅಷ್ಟು ಪಾಡುಪಟ್ಟ ಮೇಲೂ ಕಮಾನು ಕಮಾನಿನಂತೆ ಕಾಣದೆ, ಕೊಡಲಿಯಿಂದ ಕೆತ್ತಿದ ಕುಂಬಳಕಾಯಿಯಂತೆ ಕಾಣುತ್ತಿತ್ತು.

ಕಾರಿನಿಂದ ಬಂದ ರೇಖೆ

ಪರಿಹಾರ ಬಂದದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಕಾರಿನ ಮೈ ನುಣುಪಾಗಿ ಬಾಗಿರಬೇಕು. ಆ ಬಾಗನ್ನು ಯಂತ್ರಕ್ಕೆ ಅಂಕಿಗಳಲ್ಲಿ ತಿಳಿಸುವುದು ಹೇಗೆ? ಸಿಟ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೋ 1959ರ ಹೊತ್ತಿಗೆ ಒಂದು ಉಪಾಯ ಕಂಡುಹಿಡಿದ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ ತನ್ನ ದಾರಿಯಲ್ಲಿ ಅಲ್ಲಿಗೇ ಬಂದು ಅದನ್ನು ಪ್ರಕಟಿಸಿದ. ಹಾಗಾಗಿ ರೇಖೆಗೆ ಬೆಜಿಯೇ ಹೆಸರೇ ನಿಂತಿತು. ಗುಟ್ಟು ಕಾಪಾಡಿದವನಿಗೆ ಕೀರ್ತಿ ತಡವಾಗಿ ಸಿಗುವುದು ವಿಜ್ಞಾನದಲ್ಲಿ ಹೊಸದೇನಲ್ಲ.

ಉಪಾಯ ಎಷ್ಟು ಸರಳ ಎಂಬುದಕ್ಕೆ ಒಂದು ಗ್ರಾಫ್ ಹಾಳೆ ಸಾಕು. ಮೂರು ಬಿಂದು ಗುರುತಿಸಿ: ಮೊದಲನೆಯದು (8, 0), ಎರಡನೆಯದು (8, 8), ಮೂರನೆಯದು (0, 8). ಮೊದಲೆರಡರ ಮಧ್ಯಬಿಂದು (8, 4). ಕೊನೆಯೆರಡರ ಮಧ್ಯಬಿಂದು (4, 8). ಈ ಎರಡು ಮಧ್ಯಬಿಂದುಗಳ ನಡುವಿನ ಮಧ್ಯ (6, 6). ಆ ಬಿಂದು ವಕ್ರರೇಖೆಯ ಮೇಲಿದೆ. ಈಗ ಎರಡೂ ಅರ್ಧಗಳಲ್ಲಿ ಇದನ್ನೇ ಮತ್ತೆ ಮಾಡಿ, ಅವುಗಳ ಅರ್ಧಗಳಲ್ಲಿ ಮತ್ತೊಮ್ಮೆ. ನಾಲ್ಕೈದು ಸುತ್ತಿನಲ್ಲಿ ನುಣ್ಣನೆಯ ಬಾಗು ಮೂಡುತ್ತದೆ. ರೇಖೆ ಒಂದನೇ ಮತ್ತು ಮೂರನೇ ಬಿಂದುವನ್ನು ಮುಟ್ಟುತ್ತದೆ. ಎರಡನೆಯದನ್ನು ಮುಟ್ಟದೆ ಅದರತ್ತ ಆಕರ್ಷಿತವಾದಂತೆ ವಾಲುತ್ತದೆ. ಪಿಯುಸಿ ಗಣಿತ ಓದಿದವರಿಗೆ ಗೊತ್ತಾಗಬೇಕು, ಇದು ಪರವಲಯದ ಒಂದು ತುಣುಕು.

ವೃತ್ತವಲ್ಲ, ಪರವಲಯ. ಇದು ಗಮನಿಸಬೇಕಾದ ಮಾತು. ಸೊನ್ನೆಯಿಂದ (6, 6) ಬಿಂದುವಿಗೆ ಇರುವ ದೂರ 72ರ ವರ್ಗಮೂಲ, ಅಂದರೆ ಸುಮಾರು 8.49. ನಿಜವಾದ ಕಾಲು ವೃತ್ತವಾಗಿದ್ದರೆ ಅದು 8 ಇರಬೇಕಿತ್ತು. ಹೀಗೆ ಮಾಡಿದ ಕಂಬ ನಾಲ್ಕು ಮೂಲೆಗಳ ಕಡೆಗೆ ಶೇಕಡಾ 6ರಷ್ಟು ಉಬ್ಬಿರುತ್ತದೆ. ಆಟದ ಭರದಲ್ಲಿ ಯಾರಿಗೂ ಗೊತ್ತಾಗದು. ಕಟ್ಟಿದವನಿಗೆ ಮಾತ್ರ ಕಾಡುತ್ತಿರುತ್ತದೆ.

ಒಂದು ಉಪಕಥೆ: ಕಂಪ್ಯೂಟರಿನ ‘ಟ್ರೂಟೈಪ್’ ಅಕ್ಷರಗಳೂ ಇದೇ ಮೂರು ಬಿಂದುಗಳ ಸೂತ್ರದ ಮೇಲೆ ನಿಂತಿವೆ. ದುಂಡು ದುಂಡಾದ ನಮ್ಮ ಕನ್ನಡ ಲಿಪಿ ಪರದೆಯ ಮೇಲೆ ಮೂಡುವಾಗ ಅದರ ತಲೆಕಟ್ಟು, ಕೊಂಬುಗಳನ್ನು ಬಾಗಿಸುವುದೂ ಬೆಜಿಯೇ ರೇಖೆಗಳೇ.

ಬೆಜಿಯೇ ತೀರಿಕೊಂಡದ್ದು 1999ರ ನವೆಂಬರ್ 25ರಂದು. ಅದಾಗಿ ಕೆಲವೇ ದಿನಗಳಲ್ಲಿ, ಡಿಸೆಂಬರ್ ಆರಂಭದಲ್ಲಿ, ‘ಕ್ವೇಕ್ 3 ಅರೀನಾ’ ಮಾರುಕಟ್ಟೆಗೆ ಬಂತು. ಅದರ ಕಮಾನು, ಕಂಬ, ಸುರಂಗಗಳಲ್ಲೆಲ್ಲ ಆತನ ರೇಖೆಗಳಿದ್ದವು.

ಒಂಬತ್ತು ಬಿಂದುಗಳ ಬಟ್ಟೆ

ಕ್ವೇಕ್ 3ರಲ್ಲಿ ಬಾಗಿದ ಮೇಲ್ಮೈಗೆ ‘ಪ್ಯಾಚ್’ ಎನ್ನುತ್ತಾರೆ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಬಿಂದುಗಳು. ಒಂಬತ್ತು ಗೂಟಗಳಿಗೆ ಸಡಿಲವಾಗಿ ಕಟ್ಟಿದ ಬಟ್ಟೆ ಎಂದುಕೊಳ್ಳಿ. ಒಂದು ಗೂಟ ಎಳೆದರೆ ಬಟ್ಟೆ ಆ ಕಡೆ ಉಬ್ಬುತ್ತದೆ. ದೊಡ್ಡ ಆಕೃತಿ ಬೇಕಾದರೆ ಸಾಲಿಗೆ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲೇ ಬಿಂದು ಬೆಳೆಸಬೇಕು. ಪೂರ್ತಿ ಸುತ್ತಿನ ಕಂಬಕ್ಕೆ ಸುತ್ತಲೂ ಒಂಬತ್ತು.

ಇದರ ಲಾಭ ಲೆಕ್ಕದಲ್ಲಿದೆ. ಕಡತದಲ್ಲಿರುವುದು ಒಂಬತ್ತು ಬಿಂದು ಮಾತ್ರ. ಆಟ ತೆರೆದಾಗ ಯಂತ್ರವೇ ಅದನ್ನು ಸಣ್ಣ ತ್ರಿಕೋನಗಳಾಗಿ ಒಡೆಯುತ್ತದೆ. ಎಂಟಕ್ಕೆ ಎಂಟರಂತೆ ಒಡೆದರೆ 64 ಚೌಕ, ಅಂದರೆ 128 ತ್ರಿಕೋನ. ಬಡ ಯಂತ್ರವಾದರೆ ಕಡಿಮೆ ತುಂಡು, ಬಲವಾದದ್ದಾದರೆ ಹೆಚ್ಚು. ದೂರದ ಕಮಾನಿಗೆ ಕಡಿಮೆ, ಹತ್ತಿರದ್ದಕ್ಕೆ ಹೆಚ್ಚು.

ಕಟ್ಟುವ ಸಲಕರಣೆಯ ಹೆಸರು ‘ರೇಡಿಯಂಟ್’. ಇದರ ಹಿಂದೆಯೂ ಒಂದು ಕಥೆಯಿದೆ. ಇಡ್ ಕಂಪನಿ ತನ್ನ ಒಳಬಳಕೆಯ ಸಂಪಾದಕ ತಂತ್ರಾಂಶದ ಮೂಲವನ್ನು ಹೊರಗೆ ಬಿಟ್ಟಾಗ ರಾಬರ್ಟ್ ಡಫಿ ಎಂಬಾತ ಅದನ್ನು ತಿದ್ದಿ ಸುಧಾರಿಸಿದ. ಕಂಪನಿ ಅವನನ್ನೇ ಕೆಲಸಕ್ಕೆ ಕರೆದುಕೊಂಡಿತು.

ಪ್ಯಾಚ್ ಬಾಗಿಸುವುದು ಒಂದು ಮಧ್ಯಾಹ್ನದಲ್ಲಿ ಬರುವ ವಿದ್ಯೆ. ನಂತರದ್ದು ಕಷ್ಟ. ಪ್ಯಾಚ್ ಎಂಬುದು ಕಾಗದದಷ್ಟು ತೆಳು, ಅದಕ್ಕೆ ದಪ್ಪವಿಲ್ಲ. ಅಖಾಡವೋ ಶೂನ್ಯದಲ್ಲಿ ತೇಲುವ ಪೆಟ್ಟಿಗೆ. ಅದು ಎಲ್ಲ ಕಡೆಯಿಂದಲೂ ಗಟ್ಟಿ ದಿಮ್ಮಿಗಳಿಂದ ಮುಚ್ಚಿರಬೇಕು. ಸೂಜಿಮೊನೆಯಷ್ಟು ತೂತಿದ್ದರೂ ‘ಸೋರಿಕೆ’ ಎಂದು ಯಂತ್ರ ಕೈಚೆಲ್ಲುತ್ತದೆ. ತೂತಿನ ದಾರಿ ತೋರಿಸಲು ಒಂದು ಕೆಂಪು ಗೆರೆ ಎಳೆದು ಕೊಡುತ್ತದೆ. ಪ್ಯಾಚ್ ಸೋರಿಕೆ ತಡೆಯುವುದಿಲ್ಲ, ನೋಟವನ್ನೂ ತಡೆಯುವುದಿಲ್ಲ. ಯಾವ ಕೋಣೆಯಿಂದ ಯಾವ ಕೋಣೆ ಕಾಣುತ್ತದೆ ಎಂದು ಯಂತ್ರ ಮೊದಲೇ ಲೆಕ್ಕ ಹಾಕಿಡುತ್ತದೆ. ಆ ಲೆಕ್ಕಕ್ಕೆ ಪ್ಯಾಚ್ ಇದ್ದೂ ಇಲ್ಲದಂತೆ. ಹಾಗಾಗಿ ಪ್ರತಿ ಸುಂದರ ಸುರಂಗದ ಹಿಂದೆ ಯಾರಿಗೂ ಕಾಣದ ಒಂದು ಒರಟು ಚೌಕ ಸುರಂಗ ಇರಲೇಬೇಕು. ಆ ದಿಮ್ಮಿಗಳಿಗೆ ‘ಕಾಕ್’ ಎಂಬ ವಿಶೇಷ ಬಣ್ಣ ಬಳಿದರೆ ಯಂತ್ರ ಅವನ್ನು ಪರದೆಯ ಮೇಲೆ ಬಿಡಿಸುವ ಶ್ರಮ ಪಡುವುದಿಲ್ಲ. ನಾಟಕದ ಸೀನರಿಯ ಹಿಂದಿನ ಬಿದಿರಿನ ಚೌಕಟ್ಟಿನ ಹಾಗೆ.

ಇನ್ನು ಕಮಾನು ಮತ್ತು ನೇರ ಗೋಡೆ ಸೇರುವ ಮೂಲೆ. ಅಲ್ಲಿ ಉಳಿಯುವ ತ್ರಿಕೋನದಂಥ ಸಂದಿಗೆ ಬೇರೊಂದು ಪ್ಯಾಚ್ ‘ಮುಚ್ಚಳ’ ಹಾಕಬೇಕು. ಎರಡು ಪ್ಯಾಚ್‌ಗಳು ಸೇರುವಲ್ಲಿ ಬಿಂದುಗಳು ಒಂದರ ಮೇಲೊಂದು ಕೂರದಿದ್ದರೆ ಗೋಡೆಯ ಸಂದಿಯಲ್ಲಿ ಬೆಳಕಿನ ಚುಕ್ಕೆಗಳು ಮಿನುಗುತ್ತವೆ. ಅಲಂಕಾರದ ಕಂಬಕ್ಕೆ ಓಡುವ ಆಟಗಾರ ಸಿಕ್ಕಿಹಾಕಿಕೊಳ್ಳದಂತೆ ಸುತ್ತ ಅದೃಶ್ಯ ದಿಮ್ಮಿಯೊಂದನ್ನು ಇಡಬೇಕು. ಕೊನೆಗೆ ದೀಪಗಳ ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂಬ ಲೆಕ್ಕ. 1999ರ ಯಂತ್ರಗಳಲ್ಲಿ ದೊಡ್ಡ ಅಖಾಡವೊಂದಕ್ಕೆ ಇದೆಲ್ಲ ಗಂಟೆಗಟ್ಟಲೆ ಹಿಡಿಯುತ್ತಿತ್ತು. ರಾತ್ರಿ ಲೆಕ್ಕಕ್ಕೆ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಸೋರಿಕೆ!

ಚೆಂದ ಕಟ್ಟಿದರೆ ಮುಗಿಯಲಿಲ್ಲ, ಆಡಲು ಚೆನ್ನಾಗಿರಬೇಕು. ಕ್ವೇಕ್ 3ರ ಆಟಗಾರನ ಎತ್ತರ 56 ಅಳತೆ, ಅಗಲ 30. ಅವನು ತಾನಾಗಿ ಹತ್ತುವ ಮೆಟ್ಟಿಲು 18ಕ್ಕಿಂತ ಎತ್ತರವಿರಬಾರದು. ಕೆಂಪು ಕವಚವನ್ನು ಎತ್ತಿಕೊಂಡರೆ ಅದು 25 ಸೆಕೆಂಡಿಗೆ ಮತ್ತೆ ಹುಟ್ಟುತ್ತದೆ, ಮಹಾ ಆರೋಗ್ಯದ ಗುಳಿಗೆ 35ಕ್ಕೆ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟರೆ ಆಟ ಸತ್ತಂತೆ. ದೂರ ದೂರ ಇಟ್ಟರೆ ಯಾವುದಕ್ಕೆ ಓಡಲಿ ಎಂಬ ಚಡಪಡಿಕೆ ಹುಟ್ಟುತ್ತದೆ. ಇಡ್ ಕಂಪನಿಯಲ್ಲಿ ಅಖಾಡ ಕಟ್ಟುತ್ತಿದ್ದ ಜೆನೆಲ್ ಜೇಕ್ವೇಸ್ ಈ ಗುಟ್ಟನ್ನು ಕಂಪ್ಯೂಟರಿಗೂ ಮೊದಲೇ ಕಲಿತಿದ್ದರು. 1979ರಲ್ಲೇ ಕಾಗದ, ಪೆನ್ಸಿಲ್, ದಾಳಗಳ ಆಟಗಳಿಗೆ ಅವರು ಬಿಡಿಸಿದ ಗುಹೆಗಳಲ್ಲಿ ಒಳಹೋಗಲು ಹಲವು ಬಾಗಿಲು, ಸುತ್ತಿ ಬರುವ ದಾರಿಗಳಿರುತ್ತಿದ್ದವು. ಅವರು 2024ರ ಜನವರಿಯಲ್ಲಿ ನಿಧನರಾದರು.

ಹೆತ್ತವರ ಪ್ರಶ್ನೆ

ಇದರಿಂದ ಹೊಟ್ಟೆ ತುಂಬುತ್ತದೆಯೇ? ಕೆಲವರಿಗೆ ತುಂಬಿದೆ. ಡೂಮ್‌ಗೆ ಹವ್ಯಾಸದಿಂದ ಲೆವೆಲ್ ಕಟ್ಟಿದ ಕಸಾಲಿ ಸಹೋದರರ ಕೆಲಸವನ್ನು ಇಡ್ ಕಂಪನಿ 1996ರಲ್ಲಿ ‘ಫೈನಲ್ ಡೂಮ್’ ಹೆಸರಿನಲ್ಲಿ ಮಾರಿತು. ಅವರಲ್ಲೊಬ್ಬ ಮುಂದೆ ವಾಲ್ವ್ ಕಂಪನಿ ಸೇರಿದ. ‘ಕೌಂಟರ್ ಸ್ಟ್ರೈಕ್’ ಆಟದ ಜಗದ್ವಿಖ್ಯಾತ ‘ಡಸ್ಟ್’ ಅಖಾಡವನ್ನು 1999ರಲ್ಲಿ ಕಟ್ಟಿದ ಡೇವ್ ಜಾನ್‌ಸ್ಟನ್ ಆಗಿನ್ನೂ ಹದಿಹರೆಯದ ಹುಡುಗ. ಆದರೆ ಇವರನ್ನು ತೋರಿಸಿ ಮಕ್ಕಳಿಗೆ ಆಸೆ ಹಚ್ಚುವುದು ತಪ್ಪಾದೀತು. ಬಹುಪಾಲು ಮಂದಿಗೆ ಇದು ಹವ್ಯಾಸವಾಗಿಯೇ ಉಳಿಯಿತು.

ಇನ್ನೊಂದು ಅಪಾಯ ಬೇರೆ ತರಹದ್ದು. ಹೊಸದಾಗಿ ಕಟ್ಟಲು ಕಲಿತವರು ಮೊದಲು ಕಟ್ಟುವುದು ತಮಗೆ ಗೊತ್ತಿರುವ ಜಾಗವನ್ನು: ಮನೆ ಅಥವಾ ಶಾಲೆ. 1999ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಹತ್ಯಾಕಾಂಡ ನಡೆಯಿತು. ಹಂತಕರಲ್ಲೊಬ್ಬ ಡೂಮ್ ಲೆವೆಲ್‌ಗಳನ್ನು ಕಟ್ಟಿದ್ದವನು. ಶಾಲೆಯದೇ ನಕ್ಷೆ ಮಾಡಿದ್ದ ಎಂಬ ವದಂತಿಯೂ ಹಬ್ಬಿತು. ಅಂಥ ನಕ್ಷೆ ಸಿಗಲಿಲ್ಲ, ಭಯ ಮಾತ್ರ ಉಳಿಯಿತು. 2007ರಲ್ಲಿ ಟೆಕ್ಸಾಸ್‌ನ ಫೋರ್ಟ್ ಬೆಂಡ್ ಶಾಲಾ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಕೌಂಟರ್ ಸ್ಟ್ರೈಕ್‌ಗಾಗಿ ತನ್ನ ಪ್ರೌಢಶಾಲೆಯ ನಕ್ಷೆ ಕಟ್ಟಿದ್ದು ಬಯಲಾದಾಗ ಪೊಲೀಸರು ಮನೆ ಶೋಧಿಸಿದರು. ಮೊಕದ್ದಮೆ ಹೂಡಲಿಲ್ಲ. ಆದರೂ ಅವನನ್ನು ಬೇರೆ ಶಾಲೆಗೆ ಕಳಿಸಿದರು. ಗೆಳೆಯರೊಂದಿಗೆ ಪದವಿ ಸಮಾರಂಭದಲ್ಲಿ ಕೂರಲು ಬಿಡಲಿಲ್ಲ. ಶಿಕ್ಷೆ ಅತಿಯಾಯಿತು ಎನ್ನದೆ ವಿಧಿಯಿಲ್ಲ. ಆದರೆ ಬಂದೂಕಿನ ಆಟಕ್ಕೆ ನಿಜವಾದ ಶಾಲೆಯನ್ನು ಅಖಾಡ ಮಾಡಬಾರದು ಎಂದು ಮಗನಿಗೆ ಮೊದಲೇ ಹೇಳಿಡುವುದು ಹೆತ್ತವರಿಗೆ ಕಷ್ಟವಲ್ಲ.

ಕ್ವೇಕ್ 3 ಅಮೆರಿಕದಲ್ಲಿ 17 ವರ್ಷ ತುಂಬಿದವರಿಗೆಂದು ಗುರುತು ಪಡೆದ ಆಟ, ಅದೂ ನೆನಪಿರಲಿ. ಹಾಗೆಂದು ಕಟ್ಟುವವನು ಸದಾ ಗುಂಡು ಹಾರಿಸುತ್ತ ಕೂರುವುದಿಲ್ಲ. ಅವನ ಪರೀಕ್ಷೆಯ ಬಹುಭಾಗ ಶತ್ರುಗಳೇ ಇಲ್ಲದ ಖಾಲಿ ಅಖಾಡದಲ್ಲಿ ಒಬ್ಬನೇ ಓಡಾಡುತ್ತ ಗೋಡೆ ತಟ್ಟಿ ನೋಡುವುದು.

ಇಡ್ ಕಂಪನಿ 2005ರಲ್ಲಿ ಕ್ವೇಕ್ 3ರ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಮರುವರ್ಷ ರೇಡಿಯಂಟ್ ಕೂಡ ಮುಕ್ತವಾಯಿತು. ಅದರ ಸಂತತಿಯಾದ ‘ನೆಟ್‌ರೇಡಿಯಂಟ್’ ಮತ್ತು ಅದರಲ್ಲೇ ಅಖಾಡ ಕಟ್ಟಬಹುದಾದ ‘ಜೋನೋಟಿಕ್’ ಆಟ, ಎರಡೂ ಪುಕ್ಕಟೆ. ಒಂದು ಸಾಧಾರಣ ಕಂಪ್ಯೂಟರ್ ಸಾಕು. ಮೊದಲ ಕೋಣೆಗೆ ಬೇಕಾದ್ದು ಆರು ದಿಮ್ಮಿ, ಒಂದು ದೀಪ, ಆಟಗಾರ ಹುಟ್ಟಿಬರುವ ಒಂದು ಜಾಗ. ದೀಪ ಮರೆತರೆ ಕೋಣೆ ಕಗ್ಗತ್ತಲು. ಹುಟ್ಟುವ ಜಾಗ ಮರೆತರೆ, ಕಾಲಿಡಲು ತಾವಿಲ್ಲವೆಂದು ಕ್ವೇಕ್ 3 ನಿಮ್ಮನ್ನು ಹೊರಗೇ ನಿಲ್ಲಿಸುತ್ತದೆ.